ನಮ್ಮ ಷಡ್ಡಕರ ಪುಕ್ಕಟೆ ಮಸ್ಕತ್

ಒಂದು ಊರನ್ನು ಹತ್ತೊಂಬತ್ತು ವರ್ಷ ಮನಸಾರೆ ಬಳಸಿ, ಆ ಊರಿನ ಗಲ್ಲಾಪೆಟ್ಟಿಗೆಗೆ ಮಾತ್ರ ತನ್ನ ಸುಳಿವೇ ಸಿಗದಂತೆ ಇದ್ದುಬಿಡುವುದು ಯಾರಿಗಾದರೂ ಸಾಧ್ಯವೇ? ನಮ್ಮ ಷಡ್ಡಕರಿಗೆ ಸಾಧ್ಯವಾಗಿದೆ. ಮಸ್ಕತ್ತಿನಲ್ಲಿ ಅವರು ಕೂತು ತಂಪು ಮಾಡಿಕೊಳ್ಳದ ಸೋಫಾ ಇಲ್ಲ, ಮೂಸದ ಅತ್ತರಿಲ್ಲ, ಹತ್ತಿ ಇಳಿಯದ ಹೊಸ ಕಾರಿಲ್ಲ. ಆದರೆ ಇದ್ಯಾವುದಕ್ಕೂ ಅವರ ಜೇಬು ಸಾಕ್ಷಿಯಲ್ಲ!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಗದಗದ ಕಡೆಯವರು. ನಾನು ಅವರನ್ನು ‘ಅಣ್ಣಾರ’ ಎನ್ನುತ್ತೇನೆ, ಅವರು ನನ್ನನ್ನು ‘ತಮ್ಮಾ’ ಎನ್ನುತ್ತಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ಬೇಜಾರಾದಾರೆಂದಲ್ಲ, ಪುಕ್ಕಟೆ ಪ್ರಚಾರ ಸಿಕ್ಕಿತೆಂದು ಕುಣಿದಾಡಿಯಾರು. ಆ ಸುಖವನ್ನು ನಾನೇಕೆ ಒದಗಿಸಲಿ?

ಜುಗ್ಗರೆಂದು ನೀವು ಈಗಲೇ ತೀರ್ಮಾನಿಸಿದ್ದರೆ ತಪ್ಪು ಮಾಡಿದಿರಿ. ಅವರ ಮನೆಗೆ ಹೋದರೆ ಎರಡು ಬಗೆಯ ಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ ಇಲ್ಲದೆ ಎದ್ದು ಬರುವಂತಿಲ್ಲ. ಮಗಳನ್ನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿಸುತ್ತಿದ್ದಾರೆ, ಅದಕ್ಕೆ ಎಂದೂ ಕೈ ಬಿಗಿ ಹಿಡಿದವರಲ್ಲ. ಅವರ ತಕರಾರಿರುವುದು ಒಂದೇ ವಿಷಯಕ್ಕೆ. “ಉಣ್ಣಾಕ ರೊಕ್ಕ ಕೊಡು, ಓದಾಕ ಕೊಡು, ಔಷಧಕ್ಕ ಕೊಡು. ಆದ್ರ ಸಂತೋಷಕ್ಕ ರೊಕ್ಕ ಕೊಟ್ಟಿ ಅಂದ್ರ ಅದು ಸಂತೋಷ ಅಲ್ಲೋ ತಮ್ಮಾ, ಖರೀದಿ!”

ಈ ತತ್ತ್ವ ಅವರಿಗೆ ಹೊಳೆದದ್ದು ಎಲ್ಲಿ ಗೊತ್ತೇ? ಜೂಜಿನ ರಾಜಧಾನಿಯಲ್ಲಿ! ಷಡ್ಡಕರು ದೊಡ್ಡ ಕಟ್ಟಡಗಳ ಎಸಿ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಚಿಲ್ಲರ್ ಸೂಪರ್‌ವೈಸರು. ಚಿಲ್ಲರ್ ಎಂದರೆ ಕಟ್ಟಡದ ಹಿಂದೆಲ್ಲೋ ಅಡಗಿ ಕೂತು, ನೀರು ತಣ್ಣಗೆ ಮಾಡಿ, ಒಳಗಿನವರನ್ನೆಲ್ಲ ತಂಪಾಗಿಡುವ ಲಾರಿ ಗಾತ್ರದ ಯಂತ್ರ. ಆ ಯಂತ್ರದ ತರಬೇತಿಗೆಂದು ಕಂಪನಿಯವರು ಇವರನ್ನು ಒಮ್ಮೆ ಲಾಸ್ ವೇಗಸ್‌ಗೆ ಕಳಿಸಿದ್ದರು. ಮರುಭೂಮಿಯಿಂದ ಇನ್ನೊಂದು ಮರುಭೂಮಿಗೆ! ಜೊತೆಗೆ ಹೋದವರು ಮೊದಲನೆಯ ಸಂಜೆಯೇ ಭತ್ಯೆಯ ದುಡ್ಡನ್ನು ಯಂತ್ರಗಳಿಗೆ ಉಣಿಸಿ ಜೋಲುಮೋರೆ ಹಾಕಿಕೊಂಡು ಬಂದರಂತೆ. ಷಡ್ಡಕರು ಕ್ಯಾಸಿನೊದ ಮಧ್ಯೆ ನಿಂತು ಕತ್ತೆತ್ತಿ ಮೇಲೆ ನೋಡುತ್ತಿದ್ದರಂತೆ.

“ಎಲ್ಲಾರೂ ಮಶೀನ್ ನೋಡತಿದ್ರು, ನಾ ಛತ್ತಿನಾಗಿನ ಗಾಳಿ ಕೊಳವಿ, ಡಕ್ಟ್ ನೋಡತಿದ್ದೆ. ಸಾವಿರ ಮಂದಿ ಸಿಗರೇಟ್ ಸೇದತಿದ್ರೂ ಹೊಗಿ ವಾಸನಿ ಒಂಚೂರಿಲ್ಲ! ಅಂಥಾ ಗಾಳಿ, ತಮ್ಮಾ. ಅದಕ್ಕ ಟಿಕೀಟಿಲ್ಲ.”

ಆಮೇಲೆ ಕುಣಿಯುವ ಕಾರಂಜಿಯನ್ನು ಒಂದೇ ಸಂಜೆ ಹನ್ನೆರಡು ಬಾರಿ ನೋಡಿದರು. ಒಳಾಂಗಣದಲ್ಲಿ ಕಟ್ಟಿದ ಕಾಲುವೆ ನೋಡಿದರು, ಅದರ ಮೇಲೆ ಬಣ್ಣ ಬಳಿದ ಆಕಾಶ ನೋಡಿದರು. ಒಬ್ಬ ಅಜ್ಜಿ ಯಂತ್ರದ ಗುಂಡಿ ಒತ್ತುತ್ತ ಕೂತಿದ್ದಾಗ ಅವಳ ಬೆನ್ನ ಹಿಂದೆ ನಿಂತರು. ಟ್ರೇ ಹಿಡಿದು ಬಂದ ಹುಡುಗಿ ಇವರನ್ನು ಅಜ್ಜಿಯ ಕಡೆಯವರೆಂದು ತಿಳಿದು ಕಿತ್ತಳೆ ರಸ ಕೊಟ್ಟಳು, ಕುಡಿದರು. ಅಷ್ಟರಲ್ಲಿ ಅಜ್ಜಿ ಗೆದ್ದಳು! “ನಾಳೆಯೂ ಇಲ್ಲೇ ಬಂದು ನಿಲ್ಲು ಮಗಾ” ಎಂದಳಂತೆ. ಈ ಕಥೆಯನ್ನು ನಾನು ಬಹಳ ಸಲ ಕೇಳಿದ್ದೇನೆ, ಪ್ರತಿ ಸಲವೂ ಅಜ್ಜಿ ಹೆಚ್ಚು ಗೆಲ್ಲುತ್ತಾಳೆ. ನನ್ನ ಹೆಂಡತಿಯ ಪ್ರಕಾರವಂತೂ ಮೊದಲ ಸಲ ಹೇಳಿದಾಗ ಅಲ್ಲಿ ಅಜ್ಜಿಯೇ ಇರಲಿಲ್ಲ, ಒಬ್ಬ ಪಂಜಾಬಿ ಲಾರಿ ಡ್ರೈವರ್ ಇದ್ದ, ಅವನು ಸೋತಿದ್ದ. ಯಾವುದು ನಿಜವೋ! ಕಿತ್ತಳೆ ರಸ ಮಾತ್ರ ಎರಡೂ ಕಥೆಗಳಲ್ಲಿದೆ. ಆದ್ದರಿಂದ ಅದನ್ನು ಇತಿಹಾಸವೆಂದು ಒಪ್ಪಬಹುದು.

ಅಲ್ಲಿಂದ ಬಂದವರೇ ಉಪದೇಶ ಶುರು ಮಾಡಿದರು. “ಅಲ್ಲೆ ಜೂಜಾಡ್ಲಿ ಅಂತ ಉಳಿದದ್ದೆಲ್ಲಾ ಪುಕ್ಕಟ ಕೊಡ್ತಾರ. ನಮ್ಮ ಒಮಾನಿನಾಗ ಜೂಜ ಇಲ್ಲ. ಹಂಗಾರ ಏನಾತು? ಸೋಲೂ ಹೆದರಿಕಿನೂ ಇಲ್ಲ. ಬರೇ ಪುಕ್ಕಟ ಉಳೀತು!” ಈ ತರ್ಕದಲ್ಲಿ ಎಲ್ಲೋ ಒಂದು ತೂತಿದೆ. ಎಲ್ಲಿದೆ ಎಂದು ನನಗೆ ಇಂದಿಗೂ ಸಿಕ್ಕಿಲ್ಲ.

ಶುಕ್ರವಾರ ಮಧ್ಯಾಹ್ನದ ಊಟವಾಯಿತೆಂದರೆ ಎರಡೂ ಕುಟುಂಬಗಳ ಸವಾರಿ ಕಡಲಂಚಿನ ಶಾತ್ತಿ ಬಡಾವಣೆ ಕಡೆಯ ಒಂದು ಪಂಚತಾರಾ ಹೋಟೆಲಿಗೆ ಹೊರಡುತ್ತಿತ್ತು. ಹೋಟೆಲಿಗೆ ಎಂದರೆ ಅದರ ಲಾಬಿಗೆ. ಷಡ್ಡಕರು ಇಸ್ತ್ರಿ ಅಂಗಿ ತೊಟ್ಟು, ಕಪ್ಪು ಬೂಟಿಗೆ ಪಾಲಿಶ್ ಹಾಕಿಕೊಂಡು, ದ್ವಾರಪಾಲಕನ ಸಲಾಮಿಗೆ ಗಂಭೀರವಾಗಿ ಪ್ರತಿಸಲಾಮು ಹೊಡೆದು ಒಳಗೆ ನಡೆಯುತ್ತಿದ್ದರು. ಯಾವ ಸೋಫಾದ ಮೇಲೆ ಗಾಳಿ ಹೇಗೆ ಬೀಳುತ್ತದೆಂದು ಅವರಿಗೆ ಗೊತ್ತು. ಅಂಗೈ ಮೇಲೆತ್ತಿ ಹಿಡಿದು, “ಇಪ್ಪತ್ತೆರಡೂವರಿ ಡಿಗ್ರಿ. ಕುಂಡ್ರಿ” ಎನ್ನುವರು. ಅವರು ಹೇಳಿದ ಮೇಲೆಯೇ ನಾವು ಕೂರಬೇಕು.

ಬಾಗಿಲ ಬಳಿ ಬಿಳಿ ನಿಲುವಂಗಿ ದಿಶ್ದಾಶಾ ತೊಟ್ಟ ಒಮಾನಿ ಮುದುಕನೊಬ್ಬ ಹಿತ್ತಾಳೆಯ ಕೊಕ್ಕಿನ ಪಾತ್ರೆ ಹಿಡಿದು ಬಂದವರಿಗೆಲ್ಲ ಕಹ್ವಾ ಸುರಿಯುತ್ತಿದ್ದ. ಏಲಕ್ಕಿ ಹಾಕಿದ ಕಾಫಿ, ಜೊತೆಗೆ ಖರ್ಜೂರ. ಸಾಕೆನಿಸಿದಾಗ ಪುಟ್ಟ ಬಟ್ಟಲನ್ನು ಬೆರಳಲ್ಲೇ ಸ್ವಲ್ಪ ಅಲ್ಲಾಡಿಸುವುದು ಇಲ್ಲಿನ ಪದ್ಧತಿ. ಅಲ್ಲಾಡಿಸುವ ತನಕ ಸುರಿಯುವುದು ಅವನ ಧರ್ಮ. ನಮ್ಮ ಷಡ್ಡಕರು ಅಲ್ಲಾಡಿಸುತ್ತಿರಲಿಲ್ಲ! ಅವನು ಸುರಿಯುವನು, ಇವರು ಕುಡಿಯುವರು, ಅವನು ಸುರಿಯುವನು. ಎರಡು ಪುರಾತನ ನಾಗರಿಕತೆಗಳು ಪರಸ್ಪರ ಸೋಲದೆ ಎದುರುಬದುರು ನಿಂತ ಹಾಗೆ. ಒಂದು ಶುಕ್ರವಾರ ಆ ಮುದುಕ ನಮಾಜಿನ ಹೊತ್ತಾಯಿತೆಂದು ಪಾತ್ರೆಯನ್ನೇ ಇವರ ಪಕ್ಕದ ಮೇಜಿನ ಮೇಲಿಟ್ಟು, “ಖಲಾಸ್, ನೀನೇ ನೋಡ್ಕೋ” ಎಂಬರ್ಥದಲ್ಲಿ ಕೈಯಾಡಿಸಿ ಹೊರಟುಹೋದ. ಷಡ್ಡಕರು ಇಪ್ಪತ್ತು ನಿಮಿಷ ಬಂದ ಅತಿಥಿಗಳಿಗೆಲ್ಲ ಕಹ್ವಾ ಸುರಿದರು.

ಅಕ್ಕ, ಅಂದರೆ ಷಡ್ಡಕರ ಹೆಂಡತಿ, ಯಾವಾಗಲೂ ಲಿಫ್ಟುಗಳಿಗೆ ಎದುರಾಗಿರುವ ಸೋಫಾದಲ್ಲೇ ಕೂರುತ್ತಿದ್ದರು. ಕಡಿಮೆ ಮಾತಿನವರು. ಜನ ಕೈಯಲ್ಲಿ ಕಾರ್ಡು ಹಿಡಿದು ಬಂದು, ಲಿಫ್ಟು ಹತ್ತಿ, ಬಾಗಿಲು ಮುಚ್ಚಿಕೊಂಡು ಮೇಲೆ ಹೋಗುವುದನ್ನು ನೋಡುವರು. ನಾವೆಲ್ಲ ತಂಪು ಗಾಳಿ ಸವಿಯುತ್ತಿದ್ದರೆ ಅವರು ಲಿಫ್ಟಿನ ಮೇಲಿನ ಅಂಕಿಗಳನ್ನು ನೋಡುತ್ತಿದ್ದರು. ಒಂದು ದಿನ ಕೇಳಿದರು:

“ರೀ, ಮ್ಯಾಲಿನ ರೂಮಿನಿಂದ ಸಮುದ್ರ ಹೆಂಗ ಕಾಣತೈತಿ?”

“ಸಮುದ್ರದಂಗ ಕಾಣತೈತಿ.”

“ಒಂದಿನ ಮ್ಯಾಲ ಹೋಗಿ ಕುಂತು ನೋಡೂಣಲ್ರಿ.”

“ಏನೈತಿ ಅಲ್ಲೆ? ಇಲ್ಲಿ ಎಲ್ಲಾ ರೂಮೂ ನಾ ಎಸಿ ರಿಪೇರಿಗೆ ಬಂದಾಗ ಛತ್ತಿನ ಮ್ಯಾಲಿಂದ ನೋಡೀನಿ. ಒಂದು ಮಂಚ, ಒಂದು ಟೀವಿ, ಒಂದು ಡಕ್ಟ್.”

“ಛತ್ತಿನ ಮ್ಯಾಲಿಂದ ಸಮುದ್ರ ಕಾಣತಿತ್ತೇನು?”

ಷಡ್ಡಕರು ಕಹ್ವಾ ಕಡೆ ತಿರುಗಿದರು. ಅಕ್ಕನಿಗೆ ಬೇಕಾಗಿದ್ದುದು ಇದೊಂದೇ: ಆ ಲಿಫ್ಟು ಹತ್ತಿ, ಸಮುದ್ರದ ಕಡೆಯ ಕೋಣೆಯಲ್ಲಿ ಒಂದು ದಿನ ಕೂರುವುದು. ವರ್ಷಕ್ಕೊಂದೆರಡು ಸಲ ಕೇಳುತ್ತಿದ್ದರು, ಜಗಳವಿಲ್ಲದೆ, ಹಬ್ಬದ ತಾರೀಖು ವಿಚಾರಿಸುವ ಧಾಟಿಯಲ್ಲಿ. ಷಡ್ಡಕರ ಉತ್ತರಗಳು ಮಾತ್ರ ವರ್ಷಕ್ಕೊಂದು ಬಗೆ. ಚಳಿಗಾಲದಲ್ಲಿ ‘ಈಗ ಸೀಜನ್, ರೇಟು ಸುಡತೈತಿ’. ಬೇಸಿಗೆಯಲ್ಲಿ ರೇಟು ಅರ್ಧಕ್ಕೆ ಇಳಿದಾಗ ‘ಅರ್ಧ ರೇಟಿನ ರೂಮು ಅಂದ್ರ ಏನರ ಊನ ಇರತೈತಿ’!

ಕೋಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅಕ್ಕನಿಗೆ ಧಾರಾಳವಾಗಿ ಸಿಗುತ್ತಿತ್ತು. ಉದಾಹರಣೆಗೆ ಕಾರು. ನಾವೆಲ್ಲ ಇರುವುದು ವಾದಿ ಅದಾಯ್‌ನಲ್ಲಿ. ಇಲ್ಲಿ ಮಗ್ಗುಲು ಬದಲಿಸಿದರೆ ಕಾರಿನ ಶೋರೂಮು, ಇನ್ನೊಂದು ಮಗ್ಗುಲಿಗೆ ಗ್ಯಾರೇಜು. ಹೊಸ ಮಾಡೆಲ್ ಬಂತೆಂದರೆ ಷಡ್ಡಕರ ಕುಟುಂಬ ಅದರಲ್ಲಿ ಕೂತು, ಬಾಗಿಲು ಹಾಕಿಕೊಂಡು, ಎಸಿ ಹಚ್ಚಿಸಿಕೊಂಡು ಅರ್ಧ ಗಂಟೆ ‘ಪ್ರಯಾಣ’ ಮಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ನಾವು. ನನ್ನ ಮಗಳು ತಲೆ ತಗ್ಗಿಸಿ, “ಅಂಕಲ್, ದಿಸ್ ಇಸ್ ಸೋ ಎಂಬರಾಸಿಂಗ್” ಎಂದರೆ, “ಬೆಲ್ಟ್ ಹಾಕ್ಕೋ ಮೊದ್ಲ” ಎನ್ನುವರು. ಹೀಗೆ ನಿಂತ ಕಾರಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದಾಗ ಯಾರೋ ನಿಜವಾದ ಗಿರಾಕಿ ಬಂದು ಕಿಟಕಿಯಲ್ಲಿ ಇಣುಕಿ ಏನೋ ಕೇಳಿದ. ಷಡ್ಡಕರು ಇಳಿದು, ಬಾನೆಟ್ ಎತ್ತಿಸಿ, ಕಂಪ್ರೆಸರಿನಿಂದ ಹಿಡಿದು ಹಿಂದಿನ ಸೀಟಿನ ಗಾಳಿಕಿಂಡಿಯವರೆಗೆ ಎಂಥ ವರ್ಣನೆ ಕೊಟ್ಟರೆಂದರೆ ಆ ಮನುಷ್ಯ ಅಲ್ಲೇ ಮುಂಗಡ ಕಟ್ಟಿಬಿಟ್ಟ! ಶೋರೂಮಿನ ಮ್ಯಾನೇಜರು ಓಡಿಬಂದು, ವಾರಕ್ಕೆರಡು ಸಂಜೆ ಇಲ್ಲಿ ಕೆಲಸ ಮಾಡುತ್ತೀರಾ ಎಂದು ಕೇಳಿದ. ಷಡ್ಡಕರಿಗೆ ಅವಮಾನವಾಯಿತು. “ಕೆಲಸ ಮಾಡಿದ್ರ ಅದು ಪುಕ್ಕಟ ಹೆಂಗಾತು?”

ರುಸ್ತಾಕ್‌ನ ಪ್ರಸಂಗವನ್ನು ನಾನು ಬರೆಯಬಾರದೆಂದಿದ್ದೆ, ಏಕೆಂದರೆ ಅದರಲ್ಲಿ ಸುಟ್ಟದ್ದು ನನ್ನ ಕಾಲು. ರುಸ್ತಾಕ್‌ನಲ್ಲಿ ಒಂದು ಬಿಸಿನೀರಿನ ಬುಗ್ಗೆಯಿದೆ, ನೆಲದಿಂದಲೇ ಕುದಿದಂತೆ ಬರುವ ನೀರು, ಯಾರು ಬೇಕಾದರೂ ಕಾಲಿಳಿಸಿ ಕೂರಬಹುದು. ಷಡ್ಡಕರು ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಜೂನ್ ತಿಂಗಳಲ್ಲಿ! (ಮೇ ಎಂದು ಹೆಂಡತಿ ತಿದ್ದುತ್ತಾಳೆ. ಕಾರಿನ ಮೀಟರಿನಲ್ಲಿ ನಲವತ್ತೇಳು ಡಿಗ್ರಿ ಇದ್ದ ದಿನ ತಿಂಗಳ ಹೆಸರು ಯಾರಿಗೆ ನೆನಪಿರುತ್ತದೆ?) “ಚಳಿಗಾಲದಾಗ ಭಾಳ ಗದ್ದಲ ಇರತೈತಿ ತಮ್ಮಾ. ಈಗ ನೋಡು, ಪೂರಾ ಬುಗ್ಗಿ ನಮ್ಮದ!” ನಿಜ. ಹಕ್ಕಿ ಕೂಡ ಇರಲಿಲ್ಲ. ಬೇವಿನ ಮರದ ಕೆಳಗೆ ಕೂತಿದ್ದ ಊರಿನ ಹಿರಿಯನೊಬ್ಬ ನಮ್ಮನ್ನೂ ಸೂರ್ಯನನ್ನೂ ಒಂದಾದ ಮೇಲೊಂದರಂತೆ ನೋಡಿ, ದೇವರ ಹೆಸರು ಹೇಳಿಕೊಂಡು ಎದ್ದುಹೋದ. ನಾನು ಕಾಲಿಳಿಸಿ ತೆಗೆದಾಗ ಎಣ್ಣೆಗಾಯಿ ಮಾಡಲು ಹುರಿದ ಬದನೆಕಾಯಿಯ ಹಾಗಿತ್ತು. ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಇಲ್ಲಿಗೂ ಒಂದು ಚಿಲ್ಲರ್ ಹಚ್ಚಿಸ್ರಿ” ಎಂದರು. ಹಿಂತಿರುಗುವಾಗ ಕೋಟೆಯ ಮುಂದೆ ಕಾರು ನಿಂತಿತು. ಒಳಗೆ ಹೋಗಲು ಟಿಕೆಟು. ಷಡ್ಡಕರು ಕಾರಿನಿಂದಲೇ ತೋರಿಸಿದರು: “ಕ್ವಾಟಿ ಕಟ್ಟೂದ ಹೊರಗಿನವರು ನೋಡಿ ಹೆದರಲಿ ಅಂತ. ಒಳಗ ಹೊಕ್ರ ಕ್ವಾಟಿ ಎಲ್ಲಿ ಕಾಣತೈತಿ?”

ಹೀಗಿರುವಾಗ ದುಕ್ಮ್ ಬಂತು.

ದುಕ್ಮ್ ಎಂದರೆ ಮಸ್ಕತ್ತಿನಿಂದ ಒಂದು ಹಗಲಿನ ದಾರಿ. ಹೊಸ ಬಂದರು, ತೈಲ ಶುದ್ಧೀಕರಣ ಘಟಕ, ಕಂಪನಿ ಬಸ್ಸುಗಳು, ಮರಳು. ಷಡ್ಡಕರ ಕಂಪನಿಗೆ ಅಲ್ಲಿ ದೊಡ್ಡ ಗುತ್ತಿಗೆ ಸಿಕ್ಕಿ, ಇವರನ್ನು ಅಲ್ಲಿಗೆ ವರ್ಗ ಮಾಡಿದರು. ಇರುವುದು ಕ್ಯಾಂಪಿನಲ್ಲಿ, ಒಂದು ಕೋಣೆಗೆ ಇಬ್ಬರು. ಸಂಸಾರ ಕರೆತರುವಂತಿಲ್ಲ. ಅಕ್ಕ ಹುಬ್ಬಳ್ಳಿಗೆ ಹೋಗಿ ಮಗಳ ಜೊತೆ ಬಾಡಿಗೆ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಜುಲೈ ಕೊನೆಯ ಒಂದು ಭಾನುವಾರಕ್ಕೆ ಅಕ್ಕನ ಟಿಕೆಟು. ಕೈಯಲ್ಲಿ ಮೂರು ವಾರ.

ಈ ಸಲ ಅಕ್ಕ ಹಬ್ಬದ ತಾರೀಖಿನ ಧಾಟಿಯಲ್ಲಿ ಕೇಳಲಿಲ್ಲ. ನಾವೆಲ್ಲ ಊಟಕ್ಕೆ ಕೂತಿದ್ದಾಗ, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದರು: “ಇನ್ನ ನಾ ಈ ಊರಿಗೆ ಬರೂದಿಲ್ಲ. ಹೋಗೂದ್ರಾಗ ಒಮ್ಮಿ ಆ ಹೋಟೆಲಿನ ಮ್ಯಾಲಿನ ರೂಮಿನಾಗ ಕುಂತು ಸಮುದ್ರ ನೋಡ್ಬೇಕ್ರಿ. ಅಷ್ಟ.” ಷಡ್ಡಕರು “ನೋಡೂಣು” ಎಂದರು. ಅವರ ನಿಘಂಟಿನಲ್ಲಿ ‘ನೋಡೂಣು’ ಎಂದರೆ ನೋಡುವುದಿಲ್ಲ ಎಂದರ್ಥ. ಅದು ಎಲ್ಲರಿಗೂ ಗೊತ್ತು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿ.

ನಮ್ಮ ಕಟ್ಟಡದ ಕೆಳಗೆ ಒಂದು ಕೆಫೆಟೇರಿಯಾ ಇದೆ. ನಡೆಸುವವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಎಲ್ಲರಿಗೂ ಕಾಕ. ಅವರಿಗೆ ತಿಳಿಯದ ಸಂಸಾರವಿಲ್ಲ. ನಾನು ಚಹಾಕ್ಕೆ ಇಳಿದಾಗ ಕೇಳಿದರು, “ಎಂತ ಮಾರಾಯ್ರೆ, ನಿಮ್ಮ ಅಣ್ಣ ಅಕ್ಕನನ್ನು ಹೋಟೆಲಿಗೆ ಕರ್ಕೊಂಡು ಹೋದ್ರಾ?”

“ಇಲ್ಲ ಕಾಕಾ. ಹೋಗೂದಿಲ್ಲ. ಪಂಥ ಕಟ್ತೀರೇನು?”

“ತೌಬಾ ತೌಬಾ! ಪಂಥ ಹರಾಮ್.” ಅವರು ಚಹಾವನ್ನು ಎತ್ತರದಿಂದ ಸುರಿದು ನೊರೆ ಬರಿಸಿದರು. “ಆದ್ರೆ ಒಂದು ಮಾತು ಹೇಳ್ತೇನೆ. ಇಲ್ಲಿಂದ ಹೋಗುವ ಹೆಂಗಸರು ಬಂಗಾರ ಕೇಳ್ತಾರೆ. ಆ ಅಕ್ಕ ಕೇಳಿದ್ದು ಒಂದು ಕಿಟಕಿ. ಅದೂ ವಾಪಸ್ ಕೊಡುವ ಕಿಟಕಿ!”

ಷಡ್ಡಕರು ಸುಮ್ಮನೆ ಕೂತವರಲ್ಲ. ಬದಲಿ ವ್ಯವಸ್ಥೆಗಳನ್ನು ಮಾಡತೊಡಗಿದರು. ಮೊದಲು ಅಕ್ಕನನ್ನು ಅದೇ ಹೋಟೆಲಿನ ಮುಂದಿನ ಕಡಲ ದಂಡೆಗೆ ಕರೆದೊಯ್ದರು. “ನೋಡು, ಅದ ಸಮುದ್ರ. ರೂಮಿಗಿಂತ ಸಮೀಪ. ಹಿಂದ ತಿರುಗಿದ್ರ ಹೋಟೆಲೂ ಕಾಣತೈತಿ. ರೂಮಿನಾಗ ಕುಂತವರಿಗೆ ಹೋಟೆಲ್ ಕಾಣತೈತೇನು?” ಅಕ್ಕ ಹಿಂದೆ ತಿರುಗಿ ಹೋಟೆಲು ನೋಡಿದರಂತೆ. ಬಾಲ್ಕನಿಯಲ್ಲಿ ಯಾರೋ ಹೆಂಗಸು ಕೂದಲು ಒಣಗಿಸಿಕೊಳ್ಳುತ್ತಿದ್ದಳಂತೆ. ಅಕ್ಕ ಅವಳಿಗೆ ಕೈ ಬೀಸಿದರಂತೆ. ಅವಳೂ ಬೀಸಿದಳು ಎಂದು ಷಡ್ಡಕರು ಹೇಳುತ್ತಾರೆ, ಬೀಸಲಿಲ್ಲ ಎಂದು ಅಕ್ಕ.

ಎರಡನೆಯ ವ್ಯವಸ್ಥೆಗೆ ನಾನೂ ನನ್ನ ಹೆಂಡತಿಯೂ ಸಾಕ್ಷಿ. ಒಂದು ದೊಡ್ಡ ಪೀಠೋಪಕರಣದ ಶೋರೂಮಿಗೆ ಎಲ್ಲರನ್ನೂ ಕರೆದೊಯ್ದರು. ಅಲ್ಲಿ ಮೂರು ಗೋಡೆಗಳ ಪುಟ್ಟ ಕೋಣೆಗಳನ್ನು ಜೋಡಿಸಿ, ಮಂಚ, ದೀಪ, ಕುರ್ಚಿ ಇಟ್ಟು ಮಾದರಿ ಮಲಗುವ ಮನೆಗಳನ್ನು ಮಾಡಿರುತ್ತಾರೆ. ಷಡ್ಡಕರು ಅವುಗಳಲ್ಲೊಂದನ್ನು ಮೊದಲೇ ಆರಿಸಿ ಬಂದಿದ್ದರು! ಬೂದುಬಣ್ಣದ ಮಂಚ, ಬಿಳಿ ಹಾಸು, ಎರಡು ಬದಿಗೂ ದೀಪ.

“ಆ ಹೋಟೆಲಿನಾಗ ಇರೂದ ಥೇಟ್ ಇದ ಮಂಚ. ಮಾಡಿದವರೂ ಇವರ. ಕುಂಡ್ರು, ಆರಾಮ ಕುಂಡ್ರು. ಯಾರೂ ಏನೂ ಅನ್ನೂದಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ನನ್ನ ಹೆಂಡತಿ ನನ್ನ ಕಾಲು ತುಳಿದಳು, ಬದನೆಕಾಯಿ ಕಾಲನ್ನೇ. ಅಕ್ಕ ಮಂಚದ ಅಂಚಿನಲ್ಲಿ ಕೂತರು. ಹಾಸಿಗೆ ಒತ್ತಿ ನೋಡಿದರು. ದೀಪ ಹಚ್ಚಿ ಆರಿಸಿದರು. ಮಂಚದ ಎದುರಿಗೆ ನೆಲದವರೆಗೆ ಇಳಿಬಿಟ್ಟ ನೀಲಿ ಪರದೆಯಿತ್ತು. ಅಕ್ಕ ಎದ್ದು ಹೋಗಿ ಅದನ್ನು ಎರಡೂ ಕಡೆಗೆ ಸರಿಸಿದರು. ಹಿಂದೆ ಪ್ಲೈವುಡ್ಡಿನ ಗೋಡೆ. ಅದರ ಮೇಲೆ ಪರದೆಯ ದರದ ಚೀಟಿ ಅಂಟಿಸಿದ್ದರು.

“ಕಿಟಕಿ ಇಲ್ಲಲ್ರಿ” ಎಂದರು ಅಕ್ಕ.

ಸಿಟ್ಟಿರಲಿಲ್ಲ. ವಿಷಯ ತಿಳಿಸಿದರು, ಅಷ್ಟೆ. ಆಮೇಲೆ ಪರದೆಯನ್ನು ಎರಡೂ ಕಡೆಯಿಂದ ಎಳೆದು, ನಡುವೆ ಸಂದಿ ಉಳಿಯದಂತೆ ನಿಧಾನವಾಗಿ ಮುಚ್ಚಿದರು, ಆಚೆಗೆ ಮಲಗಿರುವ ಯಾರಿಗೋ ಎಚ್ಚರವಾದೀತೆಂಬ ಹಾಗೆ. ಆ ದಿನ ವಾಪಸಾಗುವಾಗ ಷಡ್ಡಕರು ವಾದಿ ಅದಾಯ್‌ಗೆ ತಿರುಗುವ ರಸ್ತೆ ಬಿಟ್ಟು ಬಹಳ ಮುಂದೆ ಹೋಗಿಬಿಟ್ಟರು. ಹತ್ತೊಂಬತ್ತು ವರ್ಷದ ರಸ್ತೆ!

ಕೊನೆಯ ಶುಕ್ರವಾರ ಬಂತು. ಅಕ್ಕ ಹೊರಡಲು ಎರಡೇ ದಿನ. ಊಟವಾದ ಮೇಲೆ ಎಂದಿನಂತೆ ಸವಾರಿ ಹೊರಟಿತು. ಇದು ಕೊನೆಯ ಲಾಬಿಯೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ತಮ್ಮ ಸೋಫಾದಲ್ಲಿ ಕೂತರು. ಕಹ್ವಾ ಮುದುಕ ಬಟ್ಟಲು ತುಂಬಿ ಮುಂದೆ ಹಿಡಿದ. ಷಡ್ಡಕರು ಅವನನ್ನು ದಾಟಿ ನಡೆದುಬಿಟ್ಟರು! ಮುದುಕ ಬಟ್ಟಲು ಹಿಡಿದುಕೊಂಡೇ ತಿರುಗಿ ನೋಡಿದ. ಇವರಿಗೆ ಮೈ ಸರಿಯಿಲ್ಲವೇನೋ ಎಂದು ನಾನು ಹಿಂದೆಯೇ ಓಡಿದೆ. ಷಡ್ಡಕರು ಹೋಗಿ ನಿಂತದ್ದು ರಿಸೆಪ್ಷನ್ ಕೌಂಟರಿನ ಮುಂದೆ.

“ರೂಮ್ ಚಾಹಿಯೇ. ಸೀ ವ್ಯೂ. ಏಕ್ ದಿನ್.”

ಅಷ್ಟರಲ್ಲಿ ಆ ಕಡೆ ಹಾದುಹೋಗುತ್ತಿದ್ದ ಸೂಟಿನ ಮನುಷ್ಯರೊಬ್ಬರು ನಿಂತರು. ಹೋಟೆಲಿನ ಎಂಜಿನಿಯರಿಂಗ್ ವಿಭಾಗದ ಮ್ಯಾನೇಜರು, ಹೈದರಾಬಾದಿನವರು. ಷಡ್ಡಕರ ಮುಖವನ್ನೂ ಇಸ್ತ್ರಿ ಅಂಗಿಯನ್ನೂ ಹೊಂದಿಸಿಕೊಳ್ಳಲು ಅವರಿಗೆ ಎರಡು ಕ್ಷಣ ಹಿಡಿಯಿತು.

“ಅರೇ ಭಾಯ್, ಆಪ್? ಆಜ್ ಇಧರ್ ಸೇ? ಚಿಲ್ಲರ್ ಮೇ ಕುಛ್ ಪ್ರಾಬ್ಲಮ್?”

“ನಹೀ ಸಾಬ್. ರೂಮ್ ಕೇ ಲಿಯೇ ಆಯಾ. ಘರ್‌ವಾಲೀ ಸಂಡೇ ಕೋ ಇಂಡಿಯಾ ಜಾ ರಹೀ ಹೈ.”

ಮ್ಯಾನೇಜರು ನಕ್ಕರು. ಆಮೇಲೆ ಸೋಫಾದ ಕಡೆ ನೋಡಿ ನಗು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಕಳೆದ ಆಗಸ್ಟಿನಲ್ಲಿ ಎರಡೂ ಚಿಲ್ಲರ್ ಕೈಕೊಟ್ಟಾಗ ಇವರೇ ನಮ್ಮ ಮಾನ ಉಳಿಸಿದವರು ಎಂದು ಕೌಂಟರಿನ ಹುಡುಗಿಗೆ ಹಿಂದಿಯಲ್ಲಿ ಹೇಳಿ, ಸಮುದ್ರದ ಕಡೆಯ ಒಳ್ಳೆಯ ಕೋಣೆ ಕೊಡಿ, ಹಣ ತೆಗೆದುಕೊಳ್ಳಬೇಡಿ, ನಾನು ಸಹಿ ಹಾಕುತ್ತೇನೆ ಎಂದರು.

ಇದಪ್ಪಾ ಜಯ! ಹತ್ತೊಂಬತ್ತು ವರ್ಷ ಲಾಬಿಯಲ್ಲಿ ತಪಸ್ಸು ಮಾಡಿದ್ದಕ್ಕೆ ದೇವರು ಸೂಟು ಹಾಕಿಕೊಂಡು ಬಂದು ವರ ಕೊಟ್ಟ ಹಾಗಾಯಿತು. ಪುಕ್ಕಟೆ ಗಾಳಿ ಸಿಕ್ಕಿತ್ತು, ಪುಕ್ಕಟೆ ಕಹ್ವಾ ಸಿಕ್ಕಿತ್ತು, ಈಗ ಕೋಣೆಯೇ! ನಾನು ಷಡ್ಡಕರ ಬೆನ್ನು ತಟ್ಟಲು ಕೈಯೆತ್ತಿದ್ದೆ.

“ನಹೀ ಸಾಬ್” ಎಂದರು ಷಡ್ಡಕರು. “ಪೂರಾ ಪೈಸಾ ಲೀಜಿಯೇ.”

ನಾನು ಅವರ ತೋಳು ಹಿಡಿದು ಪಕ್ಕಕ್ಕೆಳೆದೆ. “ಅಣ್ಣಾರ! ಪುಕ್ಕಟ ಕೊಡಾಕತ್ತಾರ್ರಿ!”

“ಕೇಳಿಸ್ತು.”

“ಮತ್ತ?”

“ತಮ್ಮಾ, ವಾರಪೂರ್ತಿ ನಾ ಈ ಹೋಟೆಲಿಗೆ ಹಿಂದಿನ ಗೇಟಿನಿಂದ ಬರ್ತೀನಿ. ಕಸದ ಗಾಡಿ ಬರೂ ಗೇಟು. ಕೊಳ್ಳಾಗ ಪಾಸ್, ಕೈಯಾಗ ಸ್ಪ್ಯಾನರ್ ಚೀಲ. ಇವರು ಕೊಡೂ ರೂಮು ಆ ಚಿಲ್ಲರ್ ಮನಷ್ಯಾಗ ಕೊಡೂ ರೂಮು. ಅದನ್ನ ತಗೊಂಡ್ರ ಆಕೀನೂ ಹಿಂದಿನ ಗೇಟಿನಿಂದ ಕರಕೊಂಡು ಬಂದಂಗ ಆಗತೈತಿ.”

ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು ಎಂದು ಬರೆಯಲು ನನಗೆ ಬಹಳ ಆಸೆ. ನನ್ನ ನೆನಪೂ ಹಾಗೆ ಬರೆಯೆಂದು ಪೀಡಿಸುತ್ತಿದೆ. ಆದರೆ ಕಟ್ಟಿರಲಿಲ್ಲ. ಅವರು ಬ್ಯಾಂಕಿನ ಕಾರ್ಡಿಗಾಗಿ ಒಂದಾದ ಮೇಲೊಂದು ಜೇಬು ತಡಕುತ್ತ, ಅರ್ಧ ಗಮನವಿಟ್ಟು ಹೇಳಿದರು. ಕಾರ್ಡು ಸಿಕ್ಕಿತು. ಮ್ಯಾನೇಜರು ಏನೋ ಅರ್ಥವಾದವರಂತೆ ಅವರ ಕೈ ಕುಲುಕಿ, ಮೊದಲ ಬಾರಿಗೆ ‘ಸರ್’ ಎಂದು ಹೇಳಿ ಹೋದರು. ಹುಡುಗಿ ಯಂತ್ರವನ್ನು ಮುಂದಿಟ್ಟಳು. ಷಡ್ಡಕರು ಗುಪ್ತಸಂಖ್ಯೆ ಒತ್ತಿದರು, ಯಂತ್ರ ಚೀಟಿ ಉಗುಳಿತು, ಅದನ್ನು ಓದದೆ ಮಡಚಿ ಜೇಬಿಗಿಟ್ಟರು. ಆಮೇಲೆ ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಕೇಳಿದರು, “ನಾಷ್ಟಾ ಇಸೀ ಮೇ ಹೈ ನಾ?”

ಬೆಳಗಿನ ತಿಂಡಿ ಇದರಲ್ಲೇ ಇದೆ ಎಂದಳು ಹುಡುಗಿ. ಅವರ ಮುಖ ಒಂದಿಷ್ಟು ತಿಳಿಯಾಯಿತು.

ಅಕ್ಕನ ಮುಂದೆ ಹೋಗಿ ನಿಂತರು. “ಏಳು.”

“ಎಲ್ಲಿಗಿ? ಈಗರ ಬಂದೀವಿ.”

“ಮ್ಯಾಲ.”

ಅಕ್ಕ ಅವರ ಕೈಯಲ್ಲಿದ್ದ ಕಾರ್ಡನ್ನು ನೋಡಿದರು. ತಂಗಿಯ ಕಡೆ ನೋಡಿದರು. ತಾವು ತೊಟ್ಟಿದ್ದ ದಿನಬಳಕೆಯ ಹತ್ತಿ ಸೀರೆಯನ್ನು ನೋಡಿಕೊಂಡರು. “ಮೊದ್ಲ ಹೇಳಬಾರದೇನ್ರಿ? ಛಲೋ ಸೀರಿ ಉಟಗೊಂಡು ಬರ್ತಿದ್ದೆ!” ಎಂದು ಗಂಡನನ್ನು ಆ ದೊಡ್ಡ ಲಾಬಿಯ ನಡುವೆಯೇ ಗದರಿದರು. ಷಡ್ಡಕರು ಗದರಿಸಿಕೊಂಡರು. ಲಿಫ್ಟಿನ ಬಾಗಿಲು ಮುಚ್ಚುವಾಗ ಅಕ್ಕ ನಮ್ಮ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ನಾವು ಕತ್ತೆತ್ತಿ ಅಂಕಿಗಳನ್ನು ನೋಡುತ್ತ ನಿಂತೆವು. ಒಂದು, ಎರಡು, ಮೂರು... ಐದರಲ್ಲಿ ನಿಂತಿತು. ನನ್ನ ಹೆಂಡತಿ ಅಳುತ್ತಿದ್ದಳು. ಎಸಿ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದಳು. ಬರಬಹುದು, ಇಪ್ಪತ್ತೆರಡೂವರೆ ಡಿಗ್ರಿ.

ನಾಲ್ಕೂವರೆಯ ಹೊತ್ತಿಗೆ ಅಕ್ಕ ಫೋನು ಮಾಡಿದರು, ಎಲ್ಲರೂ ಮೇಲೆ ಬಂದು ನೋಡಿ ಹೋಗಿರೆಂದು. ಹೋದೆವು. ಕೋಣೆಯ ಬಾಗಿಲು ತೆರೆದರೆ ಒಳಗೆ ಕುಲುಮೆ! ಬಾಲ್ಕನಿಯ ಗಾಜಿನ ಬಾಗಿಲನ್ನು ಪೂರ್ತಿ ಸರಿಸಿಟ್ಟಿದ್ದರು. ಆ ಬಾಗಿಲು ತೆರೆದರೆ ಎಸಿ ತಾನಾಗಿ ನಿಂತುಹೋಗುತ್ತದೆ. ಜುಲೈ ತಿಂಗಳ ಒದ್ದೆ ಕಾವು ಮಂಚ, ಟೀವಿ, ಡಕ್ಟು ಎಲ್ಲವನ್ನೂ ಆವರಿಸಿಕೊಂಡಿತ್ತು. ಬಿಳಿ ಹಾಸು ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು.

ಅಕ್ಕ ಬಾಲ್ಕನಿಯ ಕುರ್ಚಿಯಲ್ಲಿ ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಸಮುದ್ರ, ಸುಮ್ಮನೆ, ಅಷ್ಟಗಲ. ಅವರು ನಮ್ಮ ಕಡೆ ತಿರುಗಲಿಲ್ಲ, ಕೈ ಮಾತ್ರ ಎತ್ತಿ ಬನ್ನಿ ಎಂಬಂತೆ ಆಡಿಸಿದರು. ಪಡುವಣದ ಬಿಸಿಲು ಪಕ್ಕದ ಗೋಡೆಯನ್ನು ದಾಟಿ ಬಾಲ್ಕನಿಯ ಒಳಕ್ಕೆ ಹೊಡೆಯುತ್ತಿತ್ತು. ಷಡ್ಡಕರು ಕೂತಿರಲಿಲ್ಲ. ಇನ್ನೊಂದು ಕುರ್ಚಿ ಖಾಲಿ ಇದ್ದರೂ, ಬಿಸಿಲು ಬರುವ ಕಡೆಗೆ ಬೆನ್ನು ಕೊಟ್ಟು, ಕಟಾಂಜನ ಹಿಡಿದು ನಿಂತಿದ್ದರು. ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಣೆಯಿಂದ ನೀರು ಇಳಿಯುತ್ತಿತ್ತು.

“ಅಣ್ಣಾರ, ಒಳಗ ಬರ್ರಿ. ಬಾಗಲಾ ಹಾಕೂಣು, ಎಸಿ ಚಾಲೂ ಆಕೈತಿ” ಎಂದೆ.

“ಸುಮ್ನಿರೋ ತಮ್ಮಾ” ಎಂದರು, ಅಲುಗಾಡದೆ. “ನಾ ಸರದ್ರ ಆಕಿ ಮಾರಿ ಮ್ಯಾಲ ಬಿಸಲ ಬೀಳತೈತಿ.”